ಇಂಜಿನಿಯರಿಂಗ್ ತಂಗಿ, ನಮ್ಮ ಹುಳದ ಮನೆ

ರೇಷ್ಮೆ ಹುಳ, ಇಂಜಿನಿಯರಿಂಗ್ ಓದುವ ಹುಡುಗಿ, ಎರಡನ್ನೂ ಒಂದೇ ಮನೆಯಲ್ಲಿ ಸಾಕಿದರೆ ವಾರಕ್ಕೊಂದು ಫಜೀತಿ ಗ್ಯಾರಂಟಿ. ಶಿಡ್ಲಘಟ್ಟದ ಹತ್ತಿರದ ನಮ್ಮೂರಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸು ಅನುಕೂಲ ಅಂತ ನನ್ನ ತಂಗಿ ನಾಲ್ಕು ವರ್ಷ ನನ್ನ ಗಂಡನ ಮನೆಯಲ್ಲೇ ಇದ್ದಳು. ನಾನು ಹತ್ತನೇ ಕ್ಲಾಸಿಗೇ ಪುಸ್ತಕ ಮುಚ್ಚಿದವಳು. ಆದರೂ ಅವಳ ಓದಿನಲ್ಲಿ ನನ್ನ ಪಾಲು ದೊಡ್ಡದು.

೧. ಯಾಕೆ ಸೇರಿದಳು

ಮೊದಲ ದಿನ ಕಾಲೇಜಿನಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ, ಇಂಜಿನಿಯರಿಂಗ್ ಯಾಕೆ ಆರಿಸಿಕೊಂಡಿರಿ ಅಂತ ಕೇಳಿದರಂತೆ. ಒಬ್ಬಳು ಚಿಕ್ಕಂದಿನ ಕನಸು ಅಂದಳಂತೆ. ಗೌರಿಬಿದನೂರಿನ ಹುಡುಗನೊಬ್ಬ ಮುದ್ದೇನಹಳ್ಳಿ ಕಡೆ ತಿರುಗಿ ಕೈ ಮುಗಿದನಂತೆ. ನಮ್ಮವಳು, "ಹಿಪ್ಪುನೇರಳೆ ಸೊಪ್ಪು ಕೊಯ್ಯೋದು ತಪ್ಪುತ್ತೆ ಸಾರ್" ಅಂದಳಂತೆ.

ಮಾತು ತಮಾಷೆ, ವಿಷಯ ಅಲ್ಲ. ಒಂದು ವರ್ಷ ಹಿಂದೆ ಬಿದ್ದರೂ ಓದು ಬಂದ್, ಮದುವೆ ಅಂತ ಅಪ್ಪ ಮೊದಲೇ ಹೇಳಿದ್ದರು. ಚಿಂತಾಮಣಿಯಲ್ಲಿ ಒಂದು ಗಂಡೂ ನೋಡಿಟ್ಟಿದ್ದರು. ಗಂಡಿಗೆ ಮೂರೆಕರೆ ಹಿಪ್ಪುನೇರಳೆ ತೋಟ.

ಸಂಜೆ ಮನೆಗೆ ಬಂದು ಇದನ್ನೆಲ್ಲ ಹೇಳಿ ನಕ್ಕಳು. ನಾನೂ ನಕ್ಕೆ. ಮಾರನೇ ಬೆಳಗ್ಗೆ ಐದಕ್ಕೇ ಎಬ್ಬಿಸಿ ಕುಡುಗೋಲು ಕೈಗೆ ಕೊಟ್ಟೆ. "ಬಸ್ಸು ಇರೋದು ಎಂಟಕ್ಕೆ ಕಣೇ, ಅಲ್ಲೀವರೆಗೂ ನೀನು ಇಂಜಿನಿಯರ್ ಅಲ್ಲ."

೨. ಹೆಸರಿಲ್ಲದ ಬಿಂದುಗಳು

ಎಳೇ ಹುಳದ ತಟ್ಟೆಗೆ ಕಾಗದ ಹಾಸಬೇಕು. ಒಂದು ದಿನ ಹಳೇ ಪೇಪರು ಮುಗಿದಿತ್ತು. ಮೂಲೆಯಲ್ಲಿ ದಪ್ಪನೆಯ, ಅಗಲವಾದ ಹಾಳೆಗಳನ್ನು ಯಾರೋ ಸುತ್ತಿಟ್ಟಿದ್ದರು. ಒಳ್ಳೇದಾಯಿತು ಅಂತ ಹಾಸಿದೆ.

ಬೆಳಗ್ಗೆ ಕಾಲೇಜಿಗೆ ಹೊರಟ ತಂಗಿ ನೋಡುತ್ತಾಳೆ, ಹತ್ತು ದಿನ ಕೂತು ಬರೆದ ಡ್ರಾಯಿಂಗಿನ ಮೇಲೆ ಹುಳಗಳು ಊಟಕ್ಕೆ ಕೂತಿವೆ. ಅವತ್ತೇ ಒಪ್ಪಿಸುವ ದಿನ. ಅಳುತ್ತಲೇ ಹುಳ ಇಳಿಸಿ, ಹಾಳೆ ಒದರಿಕೊಂಡು ಓಡಿದಳು.

ವಾರ ಕಳೆದು ಹಾಳೆಗಳು ವಾಪಸ್ ಬಂದವು. ಹುಳದ ಹಿಕ್ಕೆ ಬಿಟ್ಟ ಒಂದೊಂದು ಚುಕ್ಕೆಗೂ ಕೆಂಪು ಇಂಕಿನ ಸುತ್ತು. ಕೆಳಗೆ ಡ್ರಾಯಿಂಗಿನ ಸಾರ್ ಬರೆದಿದ್ದರು: "ಈ ಬಿಂದುಗಳಿಗೆ ಹೆಸರಿಟ್ಟಿಲ್ಲ. ಎರಡು ಅಂಕ ಕಡಿತ."

೩. ಬಾಗಿಲ ಕಾವಲು

ಕೊನೇ ವರ್ಷ ಪ್ರಾಜೆಕ್ಟು. ಹುಳದ ಮನೆಯಲ್ಲಿ ಬಿಸಿ ಏರಿದರೆ ಕೂಗುವ ಪೆಟ್ಟಿಗೆಯೊಂದನ್ನು ತಂಗಿ ಮಾಡಿದಳು. ಅವಳಿಗೆ ಗೈಡು ಆ ಕೆಂಪು ಇಂಕಿನ ಸಾರೇ. ಜಾಗಕ್ಕೆ ಬಂದು ನೋಡದೆ ಸಹಿ ಹಾಕಲ್ಲ ಅಂದುಬಿಟ್ಟರು. ಸಹಿ ಇಲ್ಲದಿದ್ದರೆ ವೈವಾ ಇಲ್ಲ. ವೈವಾ ಇಲ್ಲದಿದ್ದರೆ ಚಿಂತಾಮಣಿ.

ಸಾರ್ ಬಂದರು. ಅವರಿಗಿಂತ ಮೊದಲು ಅವರ ಸೆಂಟು ಬಂತು. ನಾನು ನನ್ನ ಮಗು ಎತ್ತಿಕೊಂಡು ಹುಳದ ಮನೆ ಬಾಗಿಲಿಗೆ ಅಡ್ಡ ನಿಂತೆ. ಘಾಟು ವಾಸನೆ ಹುಳಕ್ಕೆ ಆಗಿಬರಲ್ಲ, ಒಳಗೆ ಬಿಡಲ್ಲ ಅಂದೆ.

"ಏನಮ್ಮ, ನಾನು ಇವಳ ಗೈಡು."

"ಅದು ಹುಳಕ್ಕೆ ಗೊತ್ತಾಗಲ್ಲ ಸಾರ್."

ಹಿಂದಿನಿಂದ ತಂಗಿ ನನ್ನ ಸೆರಗು ಜಗ್ಗಿದಳು. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಬಿಡೇ." ನಾನು ಬಿಡಲಿಲ್ಲ. ಸಾರ್ ಬಚ್ಚಲಿಗೆ ಹೋಗಿ ಸೋಪು ಹಾಕಿ ತೊಳೆದುಕೊಂಡರು. ನಮ್ಮೆಜಮಾನರ ಲುಂಗಿ, ಬನಿಯನ್ ತೊಟ್ಟು, ಬ್ಲೀಚಿಂಗ್ ನೀರಲ್ಲಿ ಕಾಲದ್ದಿ ಒಳಗೆ ಬಂದರು. ಇಷ್ಟೆಲ್ಲ ಆದ ಮೇಲೆ ಆ ಪೆಟ್ಟಿಗೆ ಬೇಡದಾಗ ಮೂರು ಸಲ ಕೂಗಿತು, ಬೇಕಾದಾಗ ಸುಮ್ಮನಿತ್ತು. ತಂಗಿಯ ಮುಖ ನೋಡೋಕಾಗಲಿಲ್ಲ.

ಸಾರ್ ಅದೇ ಲುಂಗಿಯಲ್ಲಿ ಜಗಲಿ ಮೇಲೆ ಕೂತು ರಿಪೋರ್ಟಿನಲ್ಲಿ ಬರೆದರು: "ಬಿಸಿ ತಿಳಿಸುವ ವ್ಯವಸ್ಥೆ ಸುಮಾರು. ಬಾಗಿಲಿನ ರಕ್ಷಣಾ ವ್ಯವಸ್ಥೆ ಅತ್ಯುತ್ತಮ." ಕೆಳಗೆ ಸಹಿ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಇದನ್ನೋದಿ, ಆ ರಕ್ಷಣಾ ವ್ಯವಸ್ಥೆ ಯಾವುದರ ಮೇಲೆ ನಡೆಯುತ್ತೆ ಅಂತ ಕೇಳಿದರಂತೆ. ಪಾಸಾಗಿದ್ದು ಆ ಒಂದೇ ಉತ್ತರಕ್ಕೆ ಅಂತ ತಂಗಿ ಇವತ್ತಿಗೂ ಹೇಳುತ್ತಾಳೆ:

"ಕರೆಂಟು ಬೇಡ ಸಾರ್. ಬೆಳಗ್ಗೆ ಒಂದು ಲೋಟ ಕಾಫಿ ಸಾಕು. ಆದರೆ ಆಫ್ ಮಾಡೋ ಸ್ವಿಚ್ಚು ಇನ್ನೂ ಸಿಕ್ಕಿಲ್ಲ."