ಹಿತ್ತಲ ಬಾಗಿಲ ವಿದ್ಯಾರ್ಥಿಗಳು

ರಷ್ಯನ್ ಮಾತು ಬಲ್ಲನೆಂಬ ಕಾರಣಕ್ಕೆ ಲಾರಿ ಡ್ರೈವರ್ ಗವಿಸಿದ್ದಪ್ಪನನ್ನು ಅದಿರು ಕಂಪನಿಯವರು ಕೆಲಸದಿಂದ ತೆಗೆದುಹಾಕಿದರು.

ಅವನು ಕಲಿತದ್ದು ಎರಡನೇ ಮಹಾಯುದ್ಧದಲ್ಲಿ. ಇರಾನಿನ ಗುಡ್ಡಗಳಲ್ಲಿ ಸರ್ಕಾರದ ಲಾರಿ ಓಡಿಸುತ್ತ, ಸರಕು ಇಳಿಸಿಕೊಳ್ಳುವ ರಷ್ಯದ ಸಿಪಾಯಿಗಳೊಡನೆ ಚಹಾ ಕುಡಿಯುತ್ತ ಕಲಿತ. ಯುದ್ಧ ಮುಗಿದು ಊರಿಗೆ ಬಂದರೆ, ಸರ್ಕಾರಕ್ಕೆ ಬೇಕಾಗಿದ್ದ ಮಾತು ಕಂಪನಿಯ ಇಂಗ್ಲಿಷ್ ದೊರೆಗೆ ಕಮ್ಯುನಿಸ್ಟರ ಮೈಲಿಗೆಯಾಗಿತ್ತು.

ಹೊಸಪೇಟೆಯ ವಾಚನಾಲಯದಲ್ಲಿ ಊರವರ ಸಭೆ ಸೇರಿತು. ರಷ್ಯನ್ ಕಲಿತರೆ ಬೆಲ್ಲ, ಶೇಂಗಾ, ಅದಿರು ಎಲ್ಲವನ್ನೂ ಇಂಗ್ಲಿಷ್ ಕಂಪನಿಯ ಹಂಗಿಲ್ಲದೆ ನಾವೇ ರಷ್ಯಕ್ಕೆ ಮಾರಬಹುದು. ಗವಿಸಿದ್ದಪ್ಪನೇ ಕಲಿಸಲಿ, ಸಂಬಳ ವರ್ತಕರು ಕೊಡಲಿ ಎಂದು ಠರಾವಾಯಿತು. ಎತ್ತಿದ ಕೈಗಳು ಜೋಳದ ತೆನೆಗಳಂತೆ ಒತ್ತಾಗಿ ನಿಂತವು.

ಮರುದಿನ ಬೆಳಿಗ್ಗೆ ಅವನು ಪಾಠದ ಹಲಗೆಯಾಗಲೆಂದು ತನ್ನ ಮನೆಯ ಪಡಸಾಲೆಯ ಗೋಡೆಗೆ ಮಸಿ ಬಳಿದು, ಮುಂಬಾಗಿಲು ತೆರೆದು ಕಾದ. ಬಡಿದದ್ದು ಹಿತ್ತಲ ಬಾಗಿಲು. ಕಂಪ್ಲಿಯ ಬೆಲ್ಲದ ವರ್ತಕ ಅಂದಾನಪ್ಪ ಬಗ್ಗಿಕೊಂಡು ಒಳಬಂದ.

"ಮಾಸ್ತರ್ರೇ, ನನಗೊಬ್ಬಂಗ ಕಲಿಸ್ರಿ. ನಮ್ಮ ಬೀಗ ಜಡೆಪ್ಪಗಂತೂ ಒಂದಕ್ಷರನೂ ಬ್ಯಾಡ."

"ನಿನ್ನೆ ಎರಡೂ ಕೈ ಎತ್ತಿದ್ರಲ್ಲರಿ?"

"ಅದು ಊರ ಉದ್ಧಾರಕ್ಕ. ವ್ಯಾಪಾರ ಬ್ಯಾರೆ! ಎಲ್ಲಾರಿಗೂ ಬಂದ್ರ ಅದೇನು ಭಾಷೀರಿ, ಸಂತ್ಯಾಗಿನ ಬದನೀಕಾಯಿ!"

ಮತ್ತೆ ಬಾಗಿಲು ಬಡಿಯಿತು. ಅಂದಾನಪ್ಪ ಜೋಳ ತುಂಬಿಡುವ, ಈಗ ಬರಿದಾಗಿದ್ದ ಬಿದಿರಿನ ಗುಮ್ಮಿಯೊಳಗೆ ಇಳಿದ. ಬಂದವನು ಶೇಂಗಾ ವರ್ತಕ ಜಡೆಪ್ಪ.

"ನನಗ ಚಲೋತ್ನಾಗಿ ಕಲಿಸ್ರಿ. ನಮ್ಮ ಬೀಗ ಬಂದ್ರ ತಪ್ಪು ತಪ್ಪು ಕಲಿಸಿ ಕಳಸ್ರಿ. ರಷ್ಯಾದೋರು ಒದ್ದು ಓಡಿಸ್ಬೇಕು."

ಗುಮ್ಮಿ ಹಲ್ಲು ಕಡಿಯಿತು.

ಮೂರನೆಯ ಬಡಿತಕ್ಕೆ ಜಡೆಪ್ಪ ಕೌದಿ ಹೊದ್ದು ಮೂಲೆಯಲ್ಲಿ ಮುದುಡಿದ. ಬಂದ ಅದಿರು ಗುತ್ತಿಗೆದಾರ ಚನ್ನಯ್ಯ ಕಣ್ಣು ಕಿರಿದು ಮಾಡಿದ. "ಅಲ್ಲಿ ಮಲಗಿದೋರು ಯಾರು?"

"ನಮ್ಮತ್ತಿರಿ, ಜ್ವರ," ಎಂದಳು ಗವಿಸಿದ್ದಪ್ಪನ ಹೆಂಡತಿ ಹೊಳೆಮ್ಮ.

"ಅತ್ತೀಗೆ ಮೀಸಿ ಭಾಳ ಮಸ್ತ್ ಬಂದಾವು!"

ಅಷ್ಟರಲ್ಲಿ ಮುಂಬಾಗಿಲಿನಿಂದ ಜಂಬಕ್ಕ ಬಂದಳು. ಸ್ಟೇಷನ್ನಿನಲ್ಲಿ ವ್ಯಾಗನ್ನುಗಳಿಗೆ ಮ್ಯಾಂಗನೀಸ್ ಅದಿರು ತುಂಬುವವಳು. ಹಿಂದೆಯೇ ಅವಳ ಜೊತೆಗಾರ್ತಿಯರು, ಮೈತುಂಬ ಕರಿ ಧೂಳು.

"ನಮಗೂ ಕಲಿಸಣ್ಣಾ. ನಾವು ಹೊತ್ತ ಮಣ್ಣು ರಷ್ಯಾದಾಗ ಏನು ಬೆಲಿಗೆ ಹೋಗ್ತದಂತ ನಾವ ಕೇಳ್ತೀವಿ."

ಗುಮ್ಮಿ ಉರುಳಿತು. ಕೌದಿ ಹಾರಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಮದುವೆ ಮುಂಜಿಗಳಲ್ಲಿ ಕೂಡದ ಬೀಗತನ ಒಂದು ಗಳಿಗೆಯಲ್ಲಿ ಕೂಡಿತು.

"ಗವಿಸಿದ್ದಪ್ಪ," ಎಂದ ಅಂದಾನಪ್ಪ, ಮೈಮೇಲಿನ ಹೊಟ್ಟು ಕೊಡವುತ್ತ, "ಸಂಬಳ ತಿಂಗಳಾ ತಿಂಗಳಾ ಮನೀಗೆ ಬರ್ತದ. ಕಲಿಸೋದು ಮಾತ್ರ ಬ್ಯಾಡ. ಯಾರಿಗೂ ಬ್ಯಾಡ. ನಮಗೂ ಬ್ಯಾಡ!"

"ಹೂಂ ಅನ್ರಿ," ಹೊಳೆಮ್ಮ ಮೊಣಕೈಯಿಂದ ತಿವಿದಳು. "ಕುಂತು ಉಣ್ಣೋ ಕೆಲಸ ಮತ್ತೆಲ್ಲಿ ಸಿಗ್ತದ?"

"ಜಲ್ದಿ ಇವರನ್ನ ಹೊರಗ ಕಳಿಸಿ ಬಾಗಲಾ ಹಾಕು," ಎಂದ ಚನ್ನಯ್ಯ.

ಗವಿಸಿದ್ದಪ್ಪ ಹೆಂಡತಿಯ ಮುಖ ನೋಡಲಿಲ್ಲ. ನೋಡಿದ್ದರೆ ಧೈರ್ಯ ಜಾರುತ್ತಿತ್ತು.

"ಹಾಕಂಗಿಲ್ಲರಿ," ಎಂದ. "ಕುಂದ್ರು ಜಂಬಕ್ಕಾ. ನೀವು ಮೂವರೂ ಅಂಗಳದಾಗ ನಿಲ್ರಿ. ಪಾಠ ಅಲ್ಲಿಗೂ ಕೇಳಸ್ತದ."