ಕಾಕಾ ಮನಸ್ಸನ್ನು ಹುಡುಕಿದ್ದು

ನಮ್ಮ ಕಾಕಾರಷ್ಟು ಶಾಂತ ಮನುಷ್ಯರು ಸಾಂಗಲಿ ಪೇಟೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವರ ಶಾಂತಿಯಿಂದ ಸುತ್ತಲಿನವರಿಗೆ ಆದಷ್ಟು ತೊಂದರೆ ಬೇರೆ ಯಾರ ಸಿಟ್ಟಿನಿಂದಲೂ ಆಗಿರಲಿಕ್ಕಿಲ್ಲ! ಅರಿಶಿನದ ವ್ಯಾಪಾರಿ. ಬೆಳಿಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೋಡುತ್ತ ಕೂತರೆ, ಪಕ್ಕದ ಮನೆಗೆ ಬೆಂಕಿ ಬಿದ್ದರೂ ಪೂಜೆ ಮುಗಿದ ಮೇಲೆಯೇ 'ಏನೋ ಹೊಗಿ ಬಂದಂಗಿತ್ತಲ್ಲ' ಎನ್ನುವವರು. ನಾನು ಅವರ ಅಣ್ಣನ ಮಗ, ಅಂಗಡಿಯಲ್ಲಿ ಅವರ ಜೊತೆಗಾರ. ನನ್ನ ಮುಖ್ಯ ವೃತ್ತಿ ಚಿಂತೆ, ಅರಿಶಿನ ಉಪವೃತ್ತಿ. ಇಂಥ ಇಬ್ಬರನ್ನು ಒಂದೇ ಗಾದಿಯ ಮೇಲೆ ಕೂಡಿಸಿದ ದೇವರಿಗೆ ವಿನೋದಬುದ್ಧಿ ಇಲ್ಲವೆಂದು ಯಾರು ಹೇಳುತ್ತಾರೆ?

ಆಗಿನ್ನೂ ಸಂಸ್ಥಾನಗಳ ಕಾಲ. ಸಾಂಗಲಿಗೊಬ್ಬ ರಾಜರು, ಕೂಗಳತೆಯ ಮಿರಜಿಗೆ ಬೇರೆ ರಾಜರು. ನನ್ನ ಚಿಂತೆ ಮಾತ್ರ ಗಡಿಯಲ್ಲಿ ಯಾರನ್ನೂ ಕೇಳದೆ ಎರಡೂ ಕಡೆ ಓಡಾಡುತ್ತಿತ್ತು. ಆ ವರ್ಷ ಅದಕ್ಕೆ ಕಾರಣವೂ ಇತ್ತು. ಕಾಕೂ, ಅಂದರೆ ಕಾಕಾರ ಹೆಂಡತಿ, ಹೊಟ್ಟೆ ಹಿಡಿದುಕೊಂಡು ಕೂಡುತ್ತಿದ್ದರು. ಒಳಗೆ ಕಲ್ಲಿದೆ, ಕೊಯ್ದು ತೆಗೆಯಬೇಕು, ತಡ ಮಾಡಿದರೆ ಜೀವಕ್ಕೆ ಅಪಾಯ ಎಂದು ಮಿರಜಿನ ಡಾಕ್ಟರರು ಹೇಳಿದ್ದರು. ಕಾಕೂಗೆ ಕತ್ತಿಯ ಭಯವಿರಲಿಲ್ಲ. ಭಯವಿದ್ದದ್ದು ಕ್ಲೋರೋಫಾರ್ಮಿನದು.

"ಅದನ್ನ ಮೂಸಿದ್ರ ಮನಸ್ಸು ಹೋಗತೈತಂತ. ಎಲ್ಲಿಗೆ ಹೋಗತೈತಿ? ತಿರುಗಿ ನನ್ನೊಳಗ ಬರತೈತೋ, ಬಾಜೂ ಮಂಚದಾಕಿ ಒಳಗ ಹೊಕ್ಕೊಂತೈತೋ? ಅದನ್ನ ಯಾರರೆ ಹೇಳಲಿ, ಆಮ್ಯಾಲೆ ನಾ ಬರತೇನಿ" ಎಂದು ಕಾಕೂ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಬೇರೆ ಗಂಡಂದಿರಾದರೆ ರಮಿಸುತ್ತಿದ್ದರು, ಇಲ್ಲವೇ ಗದರುತ್ತಿದ್ದರು. ಕಾಕಾ ಮಾತ್ರ, "ಪ್ರಶ್ನಾ ಬರೋಬ್ಬರಿ ಐತಿ. ಹುಡಕೂಣು" ಎಂದರು. ಮನಸ್ಸನ್ನು ಹುಡುಕುವುದು! ಕಳೆದ ಚಪ್ಪಲಿಯೇನು ಅದು?

ಒಳಗಿನಿಂದ ಹುಡುಕಲು ಲಿಂಗಪೂಜೆ ಇತ್ತು. ಹೊರಗಿನಿಂದ ಹುಡುಕಲು ಸಾಯನ್ಸ್ ಬೇಕು ಎಂದು ಕಾಕಾ ಸೆಕೆಂಡಿನ ಮುಳ್ಳಿದ್ದ ಗಡಿಯಾರವೊಂದನ್ನು ಕಡ ತಂದರು. ಅವರು ಪೂಜೆಗೆ ಕೂತಾಗ ಬಲಗೈಯ ನಾಡಿ ಹಿಡಿದು ಎಣಿಸುವ ಕೆಲಸ ನನ್ನದಾಯಿತು. ದೃಷ್ಟಿ ನಿಂತಂತೆ ಕಾಕಾರ ನಾಡಿ ಇಳಿಯತೊಡಗಿತು. ಇಳಿದದ್ದು ಇನ್ನೂ ಇಳಿದರೇನು ಗತಿ ಎಂದು ನನ್ನದು ಏರತೊಡಗಿತು. ಕೊನೆಗೆ ನಾನು ಎಣಿಸುತ್ತಿರುವುದು ಯಾರ ನಾಡಿ ಎಂಬುದೇ ತಿಳಿಯದೆ ಬೆವತೆ. ಒಳಗಿನಿಂದ ಕಾಕೂ ಕೂಗಿದರು: "ಪೂಜಿ ಅವರದು, ದಣಿವು ನಿನ್ನದು. ಛಲೋ ಪಾಲುದಾರಿಕಿ ಬಿಡಪಾ."

ಸಂಶೋಧನೆ ಪೇಟೆಗೂ ಬಂತು. ನಮ್ಮ ಅರಿಶಿನ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವ ಪದ್ಧತಿಯಿಲ್ಲ. ಕೊಡುವವನೂ ಕೊಳ್ಳುವವನೂ ಹೆಗಲ ಪಂಚೆಯೊಂದನ್ನು ಹೊದಿಸಿ ಅದರ ಕೆಳಗೆ ಕೈ ಸೇರಿಸಿ, ಬೆರಳು ಹಿಚುಕಿ ಚೌಕಾಶಿ ಮಾಡುತ್ತಾರೆ. ಮುಖ ಮಾತ್ರ ದೇವರ ಮೂರ್ತಿಯ ಹಾಗೆ. ಒಂದು ದಿನ ಕಾಕಾ ಪಂಚೆಯ ಕೆಳಗೆ ಒಬ್ಬ ಶೇಟಜಿಯ ಬೆರಳನ್ನು ಬಿಟ್ಟು ಮಣಿಕಟ್ಟನ್ನೇ ಹಿಡಿದರು. ಬಹಳ ಹೊತ್ತಾದರೂ ಕೈ ಬಿಡಲಿಲ್ಲ.

"ಕಾಕಾ, ದರ ಮಾಡಾಕತ್ತೀರೋ, ಜಡ್ಡ ನೋಡಾಕತ್ತೀರೋ?" ಎಂದರು ಶೇಟಜಿ.

"ನಿಮ್ಮ ಮಾರಿ 'ಮುಗೀತು' ಅಂತೈತಿ. ನಾಡಿ 'ಇನ್ನೂ ಏರಸ್ತೇನಿ' ಅಂತೈತಿ. ಮನಸ್ಸು ಎಲ್ಲಿ ಕುಂತೈತಿ ಅಂತ ಈಗ ಸ್ವಲ್ಪ ತಿಳೀತು" ಎಂದರು ಕಾಕಾ, ತುಂಬಿದ ಪೇಟೆಯ ನಡುವೆ.

ಶೇಟಜಿ ಹಾವು ಮುಟ್ಟಿದಂತೆ ಕೈ ಎಳೆದುಕೊಂಡು ಎದ್ದು ಹೋದರು. ಆ ದಿನ ಕಾಕಾರಿಗೆ ಮನಸ್ಸು ಸಿಕ್ಕಿತು, ಗಿರಾಕಿ ತಪ್ಪಿದ. ಮರುದಿನದಿಂದ ಪೇಟೆಯ ಅರ್ಧ ವ್ಯಾಪಾರಿಗಳು ಮಣಿಕಟ್ಟಿಗೆ ಕರವಸ್ತ್ರ ಕಟ್ಟಿಕೊಂಡು ನಮ್ಮ ಅಂಗಡಿಗೆ ಬರತೊಡಗಿದರು. ನೋಡಿದವರು ಊರಿಗೇ ಕೈ ಉಳುಕಿದೆ ಎಂದುಕೊಳ್ಳಬೇಕು!

ಆಮೇಲೆ ಊರ ಪಕ್ಕದ ಹರಿಪುರ. ಅಲ್ಲಿ ಅರಿಶಿನವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಾರೆ. ಖಾಲಿ ಹಗೇವಿನ ಕತ್ತಲೆಯಲ್ಲಿ ಕೂತು ಮನಸ್ಸು ಏನು ಮಾಡುತ್ತದೆಂದು ನೋಡುವ ಆಸೆ ಕಾಕಾರಿಗೆ. ಹಗೇವು ಕಾಯುವವನು ಒಳಗಿನ ಗಾಳಿ ನೋಡಲು ಪದ್ಧತಿಯಂತೆ ಮೊದಲು ಕಂದೀಲು ಇಳಿಬಿಟ್ಟ. ಅದು ಫಕ್ಕನೆ ಆರಿತು. "ಕಂದೀಲ ಒಲ್ಲೆ ಅಂದ ಜಾಗಾರೀ ಇದು. ಅದಕ್ಕಿರೂ ಅಷ್ಟರೆ ಬುದ್ಧಿ ನಮಗ ಬ್ಯಾಡೇನ್ರಿ?" ಎಂದ. ಕಾಕಾ ಒಪ್ಪಿದರು. ಅವರು ಮನಸ್ಸು ಬದಲಿಸುವ ಮೊದಲೇ ನಾನು ಊರ ದಾರಿ ಹಿಡಿದೆ.

ಇಷ್ಟರಲ್ಲಿ ಕಾಕೂನ ನೋವು ಹೆಚ್ಚಿತು. ಊಟ ಗಂಜಿಗೆ ಇಳಿಯಿತು. ಕಾಕಾ ನನ್ನನ್ನು ಕರೆದುಕೊಂಡು ಮಿರಜಿಗೆ ಹೊರಟರು. ಅಲ್ಲಿ ಕ್ಲೋರೋಫಾರ್ಮು ಕೊಡುವ ಡಾಕ್ಟರು ಮರಾಠಿಯವರು. ನಮ್ಮ ಕಡೆಯ ರೋಗಿಗಳ ನರಳಾಟ ಕೇಳಿ ಕೇಳಿಯೇ ಕನ್ನಡ ಕಲಿತವರು.

"ಡಾಕ್ಟರಸಾಹೇಬ, ನನಗೊಂದೀಟ ಕ್ಲೋರೋಫಾರ್ಮ್ ಕೊಡ್ರಿ" ಎಂದರು ಕಾಕಾ.

"ನಿಮಗೇನ ಆಗೈತಿ?"

"ಏನೂ ಆಗಿಲ್ಲ. ಮನಸ್ಸು ಹೋಗೂದನ್ನ ನಿಂತು ನೋಡಬೇಕಾಗೈತಿ."

ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಕಾಕಾ, ನೀವ ಹೋದ ಮ್ಯಾಲೆ ನಿಂತು ನೋಡವ್ರು ಯಾರು?"

ಕಾಕಾ ಮುಂದೆ ಒಡ್ಡಿದ್ದ ಮೂಗನ್ನು ಹಿಂದಕ್ಕೆ ತೆಗೆದುಕೊಂಡರು. ಡಾಕ್ಟರು ಮೆಲ್ಲಗೆ ಹೇಳಿದರು: "ಎಲ್ಲಿ ಹೋಗತೈತಿ ನನಗೂ ಗೊತ್ತಿಲ್ಲ. ಹೋದಾಗ ನಾ ನಾಡಿ ಹಿಡಕೊಂಡು ಕುಂತಿರತೇನಿ. ಬರೂತನಕಾ ಬಿಡೂದಿಲ್ಲ. ನನ್ನ ವಿದ್ಯಾ ಇಷ್ಟ."

ತಿರುಗಿ ಬರುವಾಗ ರೈಲಿನಲ್ಲಿ ಕಾಕಾ ಒಂದೇ ಮಾತು ಆಡಿದರು: "ಈ ಡಾಕ್ಟರಗ ಯಾರೋ ದೊಡ್ಡ ಗುರು ಸಿಕ್ಕಿರಬೇಕು."

ಮನೆಗೆ ಬಂದು ಕಾಕೂನ ಮಂಚದ ಬಳಿ ಕೂತರು. "ಹುಡಕಿದೆ. ಒಳಗಿಂದ ನೋಡಿದ್ರ ಮನಸ್ಸು ನಿಂತಂಗ ಆಗತೈತಿ. ಹೊರಗಿಂದ ನೋಡಿದ್ರ ಆವಾಗೂ ನಾಡಿ ನಡದಿರತೈತಿ. ಮನಸ್ಸು ಇಲ್ಲದಾಗೂ ನಿನ್ನ ಕಾಯೂದೊಂದು ನಿನ್ನೊಳಗೈತಿ. ತಿರುಗಿ ನೀನ ಬರತೀ. ನಡುವ ಮನಸ್ಸು ಎಲ್ಲಿಗೆ ಹೋಗತೈತಿ ಅನ್ನೂದು ನನಗ ತಿಳೀಲಿಲ್ಲ."

ಕಾಕೂ ಮೆಲ್ಲಗೆ ಎದ್ದು ಕೂತರು. "ನಡೀರಿ, ಹೋಗೂಣು."

ನಾನು ಬೆರಗಾಗಿ ಕಾರಣ ಕೇಳಿದೆ. "ಲಗ್ನಾದಾಗಿಂದ ಇವ್ರು ತಿಳೀಲಿಲ್ಲ ಅಂದದ್ದು ಇದ ಮೊದಲು. ಇಷ್ಟು ಖರೇ ಹೇಳವ್ರು, ತಿರುಗಿ ಬರತೀ ಅಂದ್ರ ಅದೂ ಖರೇನ ಇರಬೇಕು" ಎಂದರು.

ಆಪರೇಶನ್ನಿನ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ನನ್ನ ವೃತ್ತಿಯನ್ನು ತನುಮನದಿಂದ ನಡೆಸಿದ್ದೆ. ಒಂದು ಚಿಂತೆ ಮುಗಿಯುವ ಮೊದಲೇ ಇನ್ನೊಂದಕ್ಕೆ ಮುಂಗಡ ಕೊಡುತ್ತಿದ್ದೆ. ಕಾಕಾ ಬೆಂಚಿನ ಮೇಲೆ ಲಿಂಗವನ್ನು ಅಂಗೈಯಲ್ಲಿಟ್ಟು ಕೂತಿದ್ದರು. ಸ್ವಲ್ಪ ಧೈರ್ಯ ಸಾಲ ಸಿಕ್ಕೀತೆಂದು ರೂಢಿಯ ಮೇಲೆ ಅವರ ಬಲಗೈ ಹಿಡಿದೆ. ನಾಡಿ ಬೆದರಿದ ಎತ್ತಿನಂತೆ ಓಡುತ್ತಿತ್ತು.

"ಕಾಕಾ, ನಿಮ್ಮದೂ ಓಡಾಕತ್ತೈತಲ್ಲ."

"ಓಡಲಿ ಬಿಡು" ಎಂದರು ಕಾಕಾ, ಕಣ್ಣೆತ್ತದೆ. "ನೋಡಾಕತ್ತೇನಿ."

ಮಧ್ಯಾಹ್ನ ನಮ್ಮನ್ನು ಒಳಗೆ ಬಿಟ್ಟರು. ಕಲ್ಲು ಹೊರಬಂದಿತ್ತು. ಕಾಕೂನ ರೆಪ್ಪೆ ಅಲುಗಿತು, ಕಣ್ಣು ಸ್ವಲ್ಪ ತೆರೆಯಿತು, ನಮ್ಮಿಬ್ಬರನ್ನೂ ದಾಟಿ ಎಲ್ಲೋ ನೋಡಿ, ನಿಧಾನವಾಗಿ ಕಾಕಾರ ಮುಖದ ಮೇಲೆ ಬಂದು ನಿಂತಿತು. ಜಗತ್ತಿನ ಯಾವ ಪಂಡಿತನಿಗೂ ಸಿಗದ ಸಾಕ್ಷಿ ಮಂಚದ ಮೇಲಿತ್ತು!

"ಕೇಳ್ರಿ ಕಾಕಾ, ಎಲ್ಲಿ ಹೋಗಿತ್ತು ಅಂತ ಕೇಳ್ರಿ" ಎಂದು ನಾನೇ ಪಿಸುಗುಟ್ಟಿದೆ.

ಕಾಕಾ ಬಗ್ಗಿದರು.

"ಬಾಯಿ ಆರೇತೇನ?" ಎಂದು ಕೇಳಿದರು. ಕಾಕೂ ಹೂಂ ಎನ್ನುವ ಮೊದಲೇ ಹೆಗಲ ಪಂಚೆಯ ಅಂಚನ್ನು ನೀರಿಗದ್ದಿ ತುಟಿಗೆ ಒತ್ತತೊಡಗಿದರು.