ರಾತುವಿನ ಹಸು

ಬೆಳ್ಳಂಬೆಳಿಗ್ಗೆ ನೆಯುಮಿ ಅತ್ತೆ ಹಿಡಿದು ತಂದ ಅಲ್ಯುಮಿನಿಯಂ ಪಾತ್ರೆಯಿಂದ ಇಷ್ಟೆಲ್ಲ ರಾದ್ಧಾಂತ ಶುರುವಾಯಿತು.

ಸಕಿಯುಸ ಆಗಷ್ಟೇ ಹಾಲು ಕರೆದು ಎದ್ದಿದ್ದ. ಮೀನು ಹಿಡಿಯುವ ದೋಣಿಯನ್ನೇ ಕೊಟ್ಟು ನಿನ್ನೆ ತಂದ ಹಸು. ದ್ವೀಪದ ತೈಲೆವು ಸೀಮೆಯ ಆ ಹಳ್ಳಿಯಲ್ಲಿ ಮೊದಲ ಡೈರಿ ತಮ್ಮದಾಗಬೇಕೆಂದು ಅವನೂ ಹೆಂಡತಿ ಮಿಲಿಯಾನಳೂ ವರ್ಷಗಟ್ಟಲೆ ಕಾದಿದ್ದರು. ನಾಳೆ ಬೆಳಿಗ್ಗೆ ಹಾಲಿನ ಲಾರಿ ಬರುವ ಹೊತ್ತಿಗೆ ಕ್ಯಾನು ತುಂಬಿರಬೇಕು. ಇಲ್ಲದಿದ್ದರೆ ಹಾಲು ಹಾಕುವವರ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ.

"ಕೆರೆಕೆರೆ ಕಣೋ ಸಕಿಯುಸ, ಒಂದೇ ಒಂದು ಲೋಟ" ಎನ್ನುತ್ತ ಅತ್ತೆ ನೀರು ಕಾಯಿಸುವಷ್ಟು ದೊಡ್ಡ ಪಾತ್ರೆಯನ್ನು ಮುಂದಿಟ್ಟಳು.

ಬಂಧುಗಳು ಕೆರೆಕೆರೆ, ಅಂದರೆ ದಯವಿಟ್ಟು ಕೊಡು, ಎಂದರೆ ಮುಗಿಯಿತು. ಇರುವ ವಸ್ತುವನ್ನು ಇಲ್ಲ ಎನ್ನುವ ಹಾಗಿಲ್ಲ. ಇಲ್ಲ ಎಂದರೆ ಊರಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಇನ್ನು ಆ ಹಳ್ಳಿಯಲ್ಲಿ ಬಂಧುವಲ್ಲದವರು ಯಾರು? ಹಸುವೊಂದೇ ಪರವೂರಿನದು. ಅತ್ತೆಯ ಹಿಂದೆ ಬಾಟಲಿ, ಬೋಗುಣಿ, ತೆಂಗಿನ ಚಿಪ್ಪು ಹಿಡಿದು ಸಾಲು ಬಂತು. ಒಂಬತ್ತು ಗಂಟೆಗೆ ಬಕೆಟ್ಟು ಬರಿದಾಯಿತು.

"ಕರುವಿಗಾದ್ರೂ ಉಳಿಸಿದ್ದೀರೋ, ಅದನ್ನೂ ದಾನ ಮಾಡಿದ್ರೋ?" ಎಂದು ಮಿಲಿಯಾನ ಸೌಟು ಬಡಿದಳು.

"ನನ್ನ ಮೇಲ್ಯಾಕೆ ಉರೀತೀಯೇ? ಇವರ ಬಾಯಿಗೆ ಮಣ್ಣು ಹಾಕ!"

ಅವನ ಮೈ ಕುದಿಯುತ್ತಿತ್ತು. ಅಂಥ ಹೊತ್ತಿಗೇ ಎಪೆಲಿ ಬಂದ. ವರಸೆಯಲ್ಲಿ ಭಾವ, ದುಡಿಯುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬಲ್ಲವನು. ಹಸುವಿನ ಸುತ್ತ ಎರಡು ಸುತ್ತು ಹಾಕಿದ.

"ಕೆರೆಕೆರೆ ಭಾವ."

"ಹಾಲು ಖಾಲಿ!"

"ಹಾಲು ಯಾರಿಗೆ ಬೇಕಯ್ಯಾ? ಹಸು ಕೊಡು. ನಾನೂ ಡೈರಿ ಮಾಡ್ತೀನಿ."

ಸಕಿಯುಸನಿಗೆ ಕಣ್ಣು ಕತ್ತಲೆ ಬಂತು. ಆ ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು: "ಹಸು ನಂದಲ್ಲ ಮಾರಾಯ. ರಾತೂದು. ನಾನು ಬರೀ ನೋಡ್ಕೋತಿದೀನಿ."

ರಾತು ಎಂದರೆ ಊರಿನ ಮುಖ್ಯಸ್ಥರು. ಎಪೆಲಿ ಬಾಯಿ ಮುಚ್ಚಿಕೊಂಡು ಹೊರಟುಹೋದ. ಆಹಾ, ಎಂಥ ಮಂತ್ರ! ಸಕಿಯುಸ ಮಧ್ಯಾಹ್ನವೆಲ್ಲ ಬಂದವರಿಗೆಲ್ಲ ಅದನ್ನೇ ಜಪಿಸಿದ. ಪಾತ್ರೆಗಳು ಬಂದ ದಾರಿಯಲ್ಲೇ ಮರಳಿದವು. ಸಂಜೆ ಕರೆದ ಹಾಲಿಗೆ ಚಿಕ್ಕ ಕ್ಯಾನು ಕಂಠದವರೆಗೆ ತುಂಬಿತು. ಕೆಡದಿರಲೆಂದು ಅದನ್ನು ಮನೆಯ ಪಕ್ಕದ ತೊರೆಯ ತಣ್ಣೀರಿನಲ್ಲಿ ಇಳಿಸಿ ಬಂದ.

ಬಂದು ನೋಡಿದರೆ ಎಪೆಲಿ ಹಗ್ಗ ಬಿಚ್ಚುತ್ತಿದ್ದಾನೆ!

"ಏಯ್! ಕೈ ತೆಗಿಯೋ!"

"ಕೂಗ್ಬೇಡ ಭಾವ. ರಾತು ನನ್ನ ಸೋದರಮಾವ ಅಲ್ವಾ? ಕೇಳಿದೆ, ಕೊಟ್ರು."

ಸಕಿಯುಸ ಓಡಿದ. ರಾತು ಚಾಪೆಯ ಮೇಲೆ ಕಾವಾ ಬೇರಿನ ಪಾನಕದ ಬಟ್ಟಲು ಹಿಡಿದು ಕೂತಿದ್ದರು.

"ಹಸು ನಂದು ರಾತು! ದೋಣಿ ಕೊಟ್ಟು ತಂದಿದ್ದು!"

"ನನಗೆ ಹಸು ಇರೋದು ನನಗೇ ಗೊತ್ತಿರಲಿಲ್ಲ ಕಣಪ್ಪ" ಎಂದರು ರಾತು. "ಆದರೆ ಇಡೀ ಊರೇ ಬಂದು ನಿಮ್ಮ ಹಸು ಚೆನ್ನಾಗಿದೆ ಅಂತು. ಸೋದರಳಿಯ ಕೇಳಿದ್ರೆ ಸೋದರಮಾವ ಇಲ್ಲ ಅನ್ನೋಕಾಗುತ್ತಾ? ಈಗ ನಂದಲ್ಲ ಅಂದ್ರೆ ನಮ್ಮಿಬ್ಬರಲ್ಲಿ ಒಬ್ಬ ಸುಳ್ಳ ಆಗ್ತಾನೆ. ಯಾರು, ನೀನೇ ಹೇಳು."

ಸಕಿಯುಸ ಹಲ್ಲು ಕಡಿಯುತ್ತ ವಾಪಸು ಓಡಿದ. ದಾರಿಯಲ್ಲಿ ತಟ್ಟನೆ ಹೊಳೆಯಿತು. ಅಯ್ಯೋ ಮಂಕೇ, ಕೇಳುವುದು ಅವನೊಬ್ಬನ ಸ್ವತ್ತೇ?

"ಕೆರೆಕೆರೆ ಎಪೆಲಿ! ಆ ಹಸು ನನಗೆ ಕೊಡು!" ಎಂದು ಎದೆಯುಬ್ಬಿಸಿ ನಿಂತ.

ಎಪೆಲಿ ಮುಖ ಸಣ್ಣದು ಮಾಡಿದ. "ಖಂಡಿತ ಕೊಡ್ತಿದ್ದೆ ಭಾವ. ಆದ್ರೆ ಇದು ನಂದಲ್ವಲ್ಲ. ನಮ್ಮ ಪಾದ್ರಿಗಳದ್ದು. ನಾನು ಬರೀ ನೋಡ್ಕೋತಿದೀನಿ."

ಎಪೆಲಿ ನಾಲ್ಕು ಹೆಜ್ಜೆ ಹೋದವನು ತಿರುಗಿ, ತೊರೆಯ ಕಡೆ ಕೈ ತೋರಿಸಿದ.

"ಅಂದ ಹಾಗೆ ಕೆರೆಕೆರೆ ಭಾವ. ಆ ತುಂಬಿದ ಕ್ಯಾನು ನಿಂದೇ ತಾನೆ?"

ಸಕಿಯುಸ ಬಾಯಿ ತೆರೆದ. ಒಳಗಿನಿಂದ ಮಿಲಿಯಾನ ಗುಡುಗಿದಳು: "ಇನ್ನೊಂದ್ಸಲ ರಾತು ಹೆಸರು ಎತ್ತಿ ನೋಡಿ, ಆಮೇಲೆ ಇವನು ಅವರ ಹತ್ರ ನಿಮ್ಮನ್ನೂ ಕೇಳಿ ಹೊಡ್ಕೊಂಡು ಹೋಗ್ತಾನೆ!"

ಸಕಿಯುಸ ತೊರೆಗಿಳಿದು ಕ್ಯಾನು ಎತ್ತಿ ತಂದು ಎಪೆಲಿಯ ಹೆಗಲ ಮೇಲಿಟ್ಟ.